ವಾಷಿಂಗ್ ಮೆಷಿನ್ ಹಿಂದೆ ಕೂತ ಬೆಳ್ಳಿ

ಪ್ರಶ್ನೆ: ನಾವು ಮೈಸೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ. ಹತ್ತು ದಿನದ ಹಿಂದೆ ಒಂದು ಮುಧೋಳ ಹೆಣ್ಣುನಾಯಿಯನ್ನು ಫಾಸ್ಟರ್‌ಗೆ ಅಂತ, ಅಂದರೆ ದತ್ತು ಹೋಗುವ ತನಕ ನೋಡಿಕೊಳ್ಳಲು, ತಂದಿದ್ದೇವೆ. ವಯಸ್ಸು ಮೂರ್ನಾಲ್ಕು ವರ್ಷ ಇರಬಹುದು. ಮರಿ ಹಾಕಿಸಿ ಮಾರುವವರ ಹತ್ತಿರ ಸರಪಳಿಯಲ್ಲೇ ಇತ್ತಂತೆ, ಬೇಡವಾದಾಗ ಬಿಟ್ಟುಹೋಗಿದ್ದಾರೆ. ಬೆಳ್ಳಿ ಅಂತ ಹೆಸರಿಟ್ಟಿದ್ದೇವೆ. ಹಗಲೆಲ್ಲ ವಾಷಿಂಗ್ ಮೆಷಿನ್ ಹಿಂದೆ ಕೂತಿರುತ್ತಾಳೆ. ನಮ್ಮೆದುರು ತಿನ್ನುವುದಿಲ್ಲ, ನಾವೆಲ್ಲ ಮಲಗಿದ ಮೇಲೆ ತಟ್ಟೆ ಖಾಲಿಯಾಗಿರುತ್ತದೆ. ಉಚ್ಚೆಯೂ ರಾತ್ರಿಯೇ, ಬಾಲ್ಕನಿಯ ಹೂಕುಂಡದ ಪಕ್ಕ. ನಾನು ಮುಟ್ಟಿದರೆ ಏನೂ ಮಾಡಲ್ಲ, ಸುಮ್ನೆ ಇರುತ್ತಾಳೆ. ಯಜಮಾನರನ್ನು ಕಂಡರೆ ನಡುಗುತ್ತಾಳೆ. ಕುಕ್ಕರ್ ಕೂಗಿದರೆ ಗೋಡೆಗೆ ಅಂಟಿಕೊಳ್ಳುತ್ತಾಳೆ. ಅತ್ತೆಯವರು 'ಎಳೆದು ಹೊರಗೆ ತನ್ನಿ, ಎರಡು ದಿನಕ್ಕೆ ಅಭ್ಯಾಸ ಆಗುತ್ತೆ' ಅನ್ನುತ್ತಾರೆ. ಮುಂದೆ ದಸರಾ, ಅದರ ಬೆನ್ನಿಗೇ ದೀಪಾವಳಿ. ನಮ್ಮ ಕೈಲಿ ಆಗುತ್ತಾ, ಅಥವಾ ಶೆಲ್ಟರ್‌ಗೆ ವಾಪಸ್ ಕೊಡುವುದೇ ಒಳ್ಳೆಯದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಕೈಲಿ ಆಗುತ್ತದೆ. ನೀವು ತೊಂದರೆ ಅಂತ ಬರೆದಿರುವ ಪಟ್ಟಿಯಲ್ಲೇ ಎರಡು ಒಳ್ಳೆಯ ಸುದ್ದಿ ಇವೆ. ಒಂದು, ರಾತ್ರಿ ಎದ್ದು ತಿನ್ನುತ್ತಿದ್ದಾಳೆ. ಎರಡು, ಉಚ್ಚೆಗೆ ಒಂದು ಜಾಗ ಆರಿಸಿಕೊಂಡಿದ್ದಾಳೆ. ಅಂದರೆ ನೀವು ಮಲಗಿದ ಮೇಲೆ ಮನೆಯೆಲ್ಲ ಓಡಾಡಿ, ಮೂಸಿ, ಎಲ್ಲಿ ಏನಿದೆ ಅಂತ ತಿಳಿದುಕೊಂಡಿದ್ದಾಳೆ. ಪೂರ್ತಿ ಕುಸಿದುಹೋದ ನಾಯಿ ಇಷ್ಟೂ ಮಾಡುವುದಿಲ್ಲ. ಅವಳಿಗೆ ಮನೆ ಅಷ್ಟು ಕಷ್ಟ ಆಗಿಲ್ಲ, ಮನುಷ್ಯರು ಕಷ್ಟ ಆಗಿದ್ದಾರೆ.

ಹಾಗಾಗಿ ಸದ್ಯಕ್ಕೆ ನಿಮ್ಮ ಮೊದಲ ಕೆಲಸ, ಅವಳನ್ನು ಮುಟ್ಟುವುದನ್ನು ನಿಲ್ಲಿಸುವುದು. ಬೇಜಾರಾಗಬಹುದು. ಪ್ರೀತಿ ಕೊಡೋಣ ಅಂತಲೇ ತಂದಿದ್ದೀರಿ, ಅಲ್ವಾ? ಆದರೆ 'ಮುಟ್ಟಿದರೆ ಸುಮ್ನೆ ಇರುತ್ತಾಳೆ' ಅಂತ ಬರೆದಿದ್ದೀರಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಅದೇ ಸಾಲು. ಈ ಸಲ ಕೈ ಚಾಚುವ ಮೊದಲು ಸ್ವಲ್ಪ ದೂರದಿಂದ, ನೇರವಾಗಿ ದಿಟ್ಟಿಸದೆ, ಅವಳ ಮುಖ ಗಮನಿಸಿ. ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ. ಮುಖ ಆಚೆ ತಿರುಗಿದ್ದರೂ ಕಣ್ಣು ನಿಮ್ಮ ಕಡೆಗೇ ಇರುತ್ತದೆ, ಕಣ್ಣಿನ ಅಂಚಿನಲ್ಲಿ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆ ಚುರುಕಾಗಿ ಮೂಗಿನ ತನಕ ಬಂದುಹೋಗುತ್ತದೆ. ನಿದ್ದೆ ಇಲ್ಲದಿದ್ದರೂ ಆಕಳಿಕೆ ಬರುತ್ತದೆ. ಕೈ ಮೈಮೇಲೆ ಬಿದ್ದ ಕೂಡಲೇ ಎಲ್ಲವೂ ನಿಂತುಹೋಗುತ್ತದೆ, ಉಸಿರು ಕೂಡ ತೀರಾ ಸಣ್ಣಗಾಗುತ್ತದೆ. ಅದು ಒಪ್ಪಿಗೆ ಅಲ್ಲ. ಓಡೋಕೂ ಜಾಗ ಇಲ್ಲ, ಎದುರಿಸೋಕೂ ಧೈರ್ಯ ಇಲ್ಲ ಅನ್ನುವಾಗ ಪ್ರಾಣಿಗೆ ಉಳಿಯುವ ಮೂರನೇ ದಾರಿ ಅದು, ಕಲ್ಲಾಗಿ ಕೂತುಬಿಡುವುದು. ಮನೆಯವರು 'ಎಷ್ಟು ಸಾಧು ನಾಯಿ' ಅಂತ ಹೊಗಳುತ್ತಿರುತ್ತಾರೆ, ಒಂದು ದಿನ ಅದೇ ನಾಯಿ ಕಚ್ಚಿದಾಗ 'ಏನೂ ಸೂಚನೆನೇ ಕೊಡಲಿಲ್ಲ' ಅನ್ನುತ್ತಾರೆ. ಸೂಚನೆ ದಿನವೂ ಕೊಟ್ಟಿರುತ್ತದೆ.

ಇದಕ್ಕೂ ಮೊದಲು ಆಗಬೇಕಾದ ಇನ್ನೊಂದು ಕೆಲಸ ಇದೆ. ಡಾಕ್ಟರ್ ಹತ್ತಿರ ಒಮ್ಮೆ ಪೂರ್ತಿ ತಪಾಸಣೆ ಆಗಿದೆಯಾ ಅಂತ, ಅವಳನ್ನು ನಿಮಗೆ ಕೊಟ್ಟ ರೆಸ್ಕ್ಯೂ ಗುಂಪಿನವರನ್ನು ಕೇಳಿ. ನೋವಿರುವ ನಾಯಿಗೆ ಧೈರ್ಯ ಬರುವುದಿಲ್ಲ. ಮರಿ ಹಾಕಿಸಲು ಇಟ್ಟುಕೊಂಡಿದ್ದ ನಾಯಿಗಳಲ್ಲಿ ಉಣ್ಣಿ ಕಡಿತದಿಂದ ಬರುವ ಜ್ವರ, ಕಿವಿಯ ಸೋಂಕು, ಹಾಳಾದ ಹಲ್ಲು, ಗರ್ಭಕೋಶದ ಸೋಂಕು ಇವನ್ನೆಲ್ಲ ನೋಡಲೇಬೇಕು. ರಕ್ತ ಪರೀಕ್ಷೆ ಮಾಡಿಸಿ. ಸಂತಾನಹರಣ ಆಪರೇಷನ್ ಇನ್ನೂ ಆಗಿಲ್ಲದಿದ್ದರೆ, ಗ್ರೇಹೌಂಡ್ ಮಾದರಿಯ ತೆಳ್ಳಗಿನ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಕೆಲವು ಅರಿವಳಿಕೆ ಔಷಧಿಗಳಿಂದ ಅವು ಎಚ್ಚರಾಗುವುದು ನಿಧಾನ, ಇದರ ಬಗ್ಗೆ ಡಾಕ್ಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ರೇಬಿಸ್ ಲಸಿಕೆಯ ಚೀಟಿ ನಿಮ್ಮ ಕೈಯಲ್ಲಿರಲಿ. ಯಾರಿಗಾದರೂ ಹಲ್ಲು ತಾಗಿದರೆ ನಾಯಿಗೆ ಲಸಿಕೆ ಆಗಿದೆ ಅಂತ ಸುಮ್ಮನಿರಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಬೆಳ್ಳಿ ಯಾಕೆ ಹೀಗೆ ಅನ್ನುವುದು. ಬಹಳ ಜನ 'ಯಾರೋ ಚೆನ್ನಾಗಿ ಹೊಡೆದಿರಬೇಕು' ಅಂದುಕೊಳ್ಳುತ್ತಾರೆ. ಹೊಡೆದಿರಲೂಬಹುದು. ಆದರೆ ಒಂದು ಏಟೂ ಬೀಳದೆಯೂ ನಾಯಿ ಹೀಗಾಗುತ್ತದೆ. ಮರಿಗೆ ಸುಮಾರು 3 ವಾರದಿಂದ 12-14 ವಾರದ ತನಕ ಒಂದು ಕಾಲ ಇದೆ. ಆಗ ನೋಡಿದ್ದೆಲ್ಲ ಮಾಮೂಲು ಅಂತ ಮನಸ್ಸಿಗೆ ಕೂರುತ್ತದೆ. ಆ ಕಾಲ ದಾಟಿದ ಮೇಲೆ ಹೊಸದಾಗಿ ಕಂಡಿದ್ದು ಮೊದಲು ಅಪಾಯ, ಆಮೇಲೆ ಮಿಕ್ಕಿದ್ದು. ಹೊಲದ ಶೆಡ್ಡಿನಲ್ಲಿ ಸರಪಳಿ ಎಷ್ಟು ಉದ್ದವೋ ಅಷ್ಟೇ ಜಗತ್ತು ಕಂಡಿದ್ದರೆ ಮೆಟ್ಟಿಲು, ಫ್ಯಾನು, ಮಿಕ್ಸಿ, ಕನ್ನಡಿ, ಕಾಲಿಂಗ್ ಬೆಲ್ ಇದ್ಯಾವುದೂ ಅವಳ ಲೆಕ್ಕದಲ್ಲೇ ಇಲ್ಲ. ತಾಯಿಯೂ ಅಂಜುಬುರುಕಿಯಾಗಿದ್ದರೆ ಆ ಸ್ವಭಾವದ ಒಂದು ಪಾಲು ರಕ್ತದಲ್ಲೇ ಬಂದಿರುತ್ತದೆ. ಜೊತೆಗೆ ಮುಧೋಳ ತಳಿಯೇ ಹೊಸಬರ ಜೊತೆ ಬೇಗ ಬೆರೆಯುವಂಥದ್ದಲ್ಲ, ಮೈ ಮುಟ್ಟಿಸಿಕೊಳ್ಳುವುದರಲ್ಲಿ ಸೂಕ್ಷ್ಮ. ಬಾಗಲಕೋಟೆ ಕಡೆ ಹೊಲ ಕಾಯುವ, ಮೊಲದ ಹಿಂದೆ ಓಡುವ ನಾಯಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪನ್ನೇ ತಂದಿತ್ತು. ಆ ಹೆಸರು ನೋಡಿ ಕೊಂಡುಕೊಂಡು ಆಮೇಲೆ ಬೀದಿಗೆ ಬಿಡುವವರ ಬಗ್ಗೆ ಬರೆಯಹೊರಟರೆ ಬೈಗುಳವೇ ಬರುತ್ತದೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಮೊದಲು ನೆಲ ನೋಡಿ. ನಿಮ್ಮ ಮನೆಯಲ್ಲಿ ವಿಟ್ರಿಫೈಡ್ ಟೈಲ್ಸೋ ಗ್ರಾನೈಟೋ ಇದ್ದರೆ ಬೆಳ್ಳಿಯ ಅರ್ಧ ಕಷ್ಟ ಅಲ್ಲೇ ಇರಬಹುದು. ಮಣ್ಣಿನ ಮೇಲೆ ಬೆಳೆದ ನಾಯಿ, ಕಟ್ಟಿಹಾಕಿದ್ದರಿಂದ ಸವೆಯದೆ ಉದ್ದ ಬೆಳೆದ ಉಗುರು, ಅದರ ಮೇಲೆ ಹೊಳೆಯುವ ನೆಲ. ರಾತ್ರಿ ಅಡಗಿ ನೋಡಿದರೆ ಕಾಣುತ್ತದೆ, ಹಿಂಗಾಲು ಎರಡೂ ಅಗಲಕ್ಕೆ ಜಾರುತ್ತವೆ, ಬೆರಳು ಬಿಗಿಹಿಡಿದು ಉಗುರಲ್ಲೇ ನೆಲ ಕಚ್ಚಲು ನೋಡುತ್ತಾಳೆ, ಗೋಡೆಗೆ ಮೈ ಒರಗಿಸಿಕೊಂಡು ನಡೆಯುತ್ತಾಳೆ. ಬೇಕಾದಾಗ ಓಡಲು ಆಗುವುದಿಲ್ಲ ಅಂತ ಗೊತ್ತಿರುವ ನಾಯಿ ಬಯಲಿಗೆ ಬರುವುದೇ ಇಲ್ಲ. ಇದಕ್ಕೆ ಖರ್ಚಿನ ಪರಿಹಾರ ಬೇಡ. ಹಳೆ ಗೋಣಿತಾಟು, ಯೋಗಾ ಮ್ಯಾಟು, ರಬ್ಬರ್ ಡೋರ್‌ಮ್ಯಾಟು ಸಿಕ್ಕಿದ್ದನ್ನೆಲ್ಲ ಜೋಡಿಸಿ ಒಂದು ದಾರಿ ಮಾಡಿಕೊಡಿ. ಅವಳು ಕೂತ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಲ್ಕನಿಗೆ. ಮನೆ ಸ್ವಲ್ಪ ದಿನ ಗೋಡೌನ್ ಥರ ಕಾಣುತ್ತದೆ. ಅತ್ತೆಯವರಿಗೆ ಮೊದಲೇ ಹೇಳಿಬಿಡಿ.

ವಾಷಿಂಗ್ ಮೆಷಿನ್ ಹಿಂದಿನ ಜಾಗ ಒಳ್ಳೆಯದಲ್ಲ, ಅಲ್ಲಿ ವೈರು, ಪೈಪು ಎಲ್ಲ ಇವೆ. ಹಾಗಂತ ಅಲ್ಲಿಂದ ಹೊರಗೆಳೆದು ಜಾಗ ಮುಚ್ಚಿಬಿಡಬೇಡಿ. ಅದರ ಪಕ್ಕದಲ್ಲೇ ಅದಕ್ಕಿಂತ ಒಳ್ಳೆಯ ಗುಹೆ ಮಾಡಿಕೊಡಿ. ಒಂದು ಮೇಜು, ಮೇಲಿಂದ ಇಳಿಬಿಟ್ಟ ಹಳೇ ಬೆಡ್‌ಶೀಟು, ಮೂರು ಕಡೆ ಮರೆ, ಒಂದು ಕಡೆ ತೆರೆದಿರಲಿ. ಕೆಳಗೆ ದಪ್ಪ ಕೌದಿ. ಬಾಗಿಲಿರುವ ಕ್ರೇಟ್ ತಂದು ಒಳಗೆ ಹಾಕಿ ಮುಚ್ಚುವುದು ಬೇಡವೇ ಬೇಡ, ಸರಪಳಿ ಬಿಟ್ಟು ಬಂದವಳಿಗೆ ಅದು ಇನ್ನೊಂದು ಸರಪಳಿ. ರಾತ್ರಿ ಊಟವನ್ನು ಆ ಗುಹೆಯೊಳಗೇ ಇಡಿ. ಕೌದಿಯ ಮೇಲೆ ಅವಳ ಕೂದಲು ಕಂಡರೆ ಅಲ್ಲಿ ಮಲಗಲು ಶುರು ಮಾಡಿದ್ದಾಳೆ ಅಂತ ಅರ್ಥ, ಆಮೇಲೆ ಮೆಷಿನ್ ಹಿಂದಿನ ಸಂದಿಯನ್ನು ಅಡ್ಡ ಹಲಗೆ ಇಟ್ಟು ಮುಚ್ಚಬಹುದು. ಅಲ್ಲಿಯ ತನಕ ಅವಳು ಹಿಂದೆ ಇರುವಾಗ ಮೆಷಿನ್ ಹಾಕಬೇಡಿ, ಬಟ್ಟೆ ಕೈಯಲ್ಲೇ ಒಗೆಯಿರಿ. ಹೇಳೋಕೆ ಸುಲಭ, ಗೊತ್ತು. ಅವಳು ಗುಹೆಗೆ ಬಂದ ಮೇಲೆ ನಿಯಮ ಒಂದೇ, ಒಳಗಿರುವಾಗ ಯಾರೂ ಕೈ ಹಾಕುವಂತಿಲ್ಲ, ಬಗ್ಗಿ ನೋಡುವಂತಿಲ್ಲ, ನೆಂಟರ ಮಕ್ಕಳು ಬಂದರೂ ಅಷ್ಟೇ.

ಉಚ್ಚೆಗೆ ಹೂಕುಂಡದ ಪಕ್ಕ ಹೋಗುತ್ತಾಳೆ ಅಂದರೆ ಮಣ್ಣಿನ ವಾಸನೆ ಹುಡುಕುತ್ತಿದ್ದಾಳೆ. ಅಗಲವಾದ ಪ್ಲಾಸ್ಟಿಕ್ ಟ್ರೇಗೆ ಮಣ್ಣು ತುಂಬಿ, ಮೇಲೆ ಸ್ವಲ್ಪ ಹುಲ್ಲು ಹಾಸಿ ಬಾಲ್ಕನಿಯಲ್ಲಿಡಿ. ಸದ್ಯಕ್ಕೆ ಇಷ್ಟು ಸಾಕು, ಬೀದಿಗೆ ಕರೆದೊಯ್ಯುವ ಆತುರ ಬೇಡ. ಆದರೆ ಬಾಲ್ಕನಿಯ ಕಂಬಿ ಎಷ್ಟು ಎತ್ತರ ಅಂತ ನೋಡಿ, ಬಲೆ ಹಾಕಿಸಿ. ಹೆದರಿದ ನಾಯಿ ಎತ್ತರದ ಲೆಕ್ಕ ಹಾಕುವುದಿಲ್ಲ, ಹಾರಿಬಿಡುತ್ತದೆ. ತಾರಸಿಯ ಮೇಲೆ ಒಂಟಿಯಾಗಿ ಬಿಡುವುದಂತೂ ಬೇಡ.

ಈಗ ನಿಮ್ಮ ಯಜಮಾನರ ವಿಷಯ. ಗಂಡಸರನ್ನು ಕಂಡರೆ ಹೆದರುವ ನಾಯಿಗಳು ತುಂಬಾ ಇವೆ. ದೊಡ್ಡ ಮೈ, ದಪ್ಪ ದನಿ, ಭಾರದ ಹೆಜ್ಜೆ. ಇದಕ್ಕೆ ಎಲ್ಲರೂ ಕೊಡುವ ಸಲಹೆ, 'ಅವರೇ ಕೈಯಾರೆ ಊಟ ಹಾಕಲಿ, ತಾನಾಗೇ ಹತ್ತಿರ ಬರುತ್ತೆ' ಅಂತ. ನಾನು ಇದನ್ನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಅಂಗೈಯಲ್ಲಿ ಚಿಕನ್ ಚೂರು ಹಿಡಿದು ಕೂತರೆ ಏನಾಗುತ್ತದೆ? ಹಸಿವು ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ ಎಳೆಯುತ್ತದೆ. ಹಿಂಗಾಲು ಇದ್ದಲ್ಲೇ ಇರುತ್ತವೆ, ಕುತ್ತಿಗೆ ಮಾತ್ರ ಉದ್ದಕ್ಕೆ ಚಾಚಿ, ಚೂರು ಕಚ್ಚಿಕೊಂಡು ಹಿಂದಕ್ಕೆ ಜಿಗಿಯುತ್ತಾಳೆ. ನಮಗೆ 'ಆಹಾ, ಕೈಯಿಂದ ತಿಂದಳು!' ಅವಳಿಗೆ, ಚೂರು ಬಾಯಿಗೆ ಬಿದ್ದು ಆಸೆ ತೀರಿದ ಆ ಕ್ಷಣದಲ್ಲಿ, ತಾನು ಅತಿ ಹೆದರುವ ಮನುಷ್ಯನ ಮಗ್ಗುಲಲ್ಲೇ ಇದ್ದೇನೆ ಅಂತ ತಟ್ಟನೆ ಅರಿವಾಗುತ್ತದೆ. ಕಚ್ಚುವ ಸಾಧ್ಯತೆ ಇರುವುದೂ ಆಗಲೇ.

ಇದರ ಬದಲು ಉಲ್ಟಾ ಮಾಡಿ. ಯಜಮಾನರು ಕೋಣೆಯ ಆ ತುದಿಯಲ್ಲಿ ನೆಲದ ಮೇಲೆ ಕೂರಲಿ. ಅವಳ ಕಡೆ ಎದೆ ತಿರುಗಿಸದೆ, ಮಗ್ಗುಲಾಗಿ. ಪೇಪರ್ ಓದಲಿ, ಫೋನ್ ನೋಡಲಿ. ಮಧ್ಯೆ ಮಧ್ಯೆ ಬೇಯಿಸಿದ ಚಿಕನ್ನೋ ಈಲಿಯೋ, ಮನೆಯಲ್ಲಿ ಮಾಂಸ ಬೇಡ ಅಂದರೆ ಪನೀರೋ, ಬೆರಳಿನ ಉಗುರಿನಷ್ಟು ಚೂರನ್ನು ಅವಳ ಹಿಂದಕ್ಕೆ ಬೀಳುವ ಹಾಗೆ ಎಸೆಯಲಿ. ತಮ್ಮ ಹತ್ತಿರಕ್ಕಲ್ಲ, ಅವಳಿಂದಲೂ ಆಚೆಗೆ. ಕೈ ಮೇಲೆತ್ತಿ ಬೀಸಬಾರದು, ನೆಲದ ಮಟ್ಟದಲ್ಲೇ ಉರುಳಿಸಿದರೆ ಸಾಕು. ಅವಳು ಚೂರಿಗಾಗಿ ದೂರ ಹೋಗುತ್ತಾಳೆ. ದೂರ ಹೋದಾಗ ಮನಸ್ಸು ಹಗುರಾಗುತ್ತದೆ. ತಿಂದು ಮುಗಿಸಿ ತಿರುಗಿ ನೋಡುತ್ತಾಳೆ, ಇನ್ನೊಂದು ಇದೆಯಾ ಅಂತ ತಾನಾಗೇ ಒಂದು ಹೆಜ್ಜೆ ಈಚೆಗೆ ಇಡುತ್ತಾಳೆ. ಮತ್ತೆ ಹಿಂದಕ್ಕೆ ಎಸೆಯಿರಿ. ಒಂದೇ ಸಲಕ್ಕೆ ಅವಳಿಗೆ ಎರಡು ಬಹುಮಾನ, ಚಿಕನ್ನೂ ಸಿಕ್ಕಿತು, ದೂರವೂ ಸಿಕ್ಕಿತು. ಹೆದರುವ ನಾಯಿಗೆ ದೂರ ಅನ್ನುವುದು ಚಿಕನ್‌ಗಿಂತ ದೊಡ್ಡದು. ಹತ್ತಿರ ಬರುವ ನಿರ್ಧಾರ ಪ್ರತಿ ಸಲ ಅವಳದ್ದೇ ಆಗಿರುತ್ತದೆ, ಧೈರ್ಯ ಕಟ್ಟುವುದು ಅಲ್ಲಿಂದಲೇ. ನಮ್ಮೆದುರು ತಿನ್ನುವುದೇ ಇಲ್ಲ ಅನ್ನುವ ಈ ಹಂತದಲ್ಲಿ ಚೂರು ಎಸೆದು ಎದ್ದು ಹೋಗಿಬಿಡಿ. 'ಇವರು ಬಂದರೆ ಏನೋ ಬೀಳುತ್ತದೆ, ಆಮೇಲೆ ಹೊರಟೂ ಹೋಗುತ್ತಾರೆ' ಅಂತ ಗೊತ್ತಾದರೆ ಸಾಕು. ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಜಾಸ್ತಿ ಬೇಡ.

ಮುಂದೆ ಯಾವತ್ತೋ ತಾನಾಗೇ ಬಂದು ನಿಮ್ಮ ಮೊಣಕೈ ಮೂಸುತ್ತಾಳೆ. ಆಗಲೂ ಕೈ ಎತ್ತಬೇಡಿ. ಮೂಸಿ ಹೋಗಲಿ. ಹಾಗೆ ಬಹಳ ಸಲ ಆದ ಮೇಲೆ, ತಲೆಯ ಮೇಲಿಂದಲ್ಲ, ಎದೆಯ ಪಕ್ಕದಲ್ಲಿ ಎರಡು ಮೂರು ಸೆಕೆಂಡು ಸವರಿ ಕೈ ವಾಪಸ್ ತೆಗೆಯಿರಿ. ಮೈ ಒತ್ತಿಕೊಂಡು ಬಂದರೆ ಇನ್ನಷ್ಟು ಸವರಿ. ಅಲ್ಲೇ ನಿಂತಿದ್ದು ತುಟಿ ನೆಕ್ಕಿದರೆ, ಮುಖ ತಿರುಗಿಸಿದರೆ, ಅವತ್ತಿಗೆ ಅಷ್ಟೇ.

ಕುಕ್ಕರ್ ವಿಷಯದಲ್ಲಿ ಒಂದೇ ಸೂತ್ರ, ಮೊದಲು ಸದ್ದು, ಆಮೇಲೆ ತಿಂಡಿ. ಸದ್ದು ಕೇಳಿದರೇ ಜೊಲ್ಲು ಸುರಿಸುವ ಹಾಗೆ ನಾಯಿಗಳಿಗೆ ಕಲಿಸಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗದಲ್ಲೂ ಕ್ರಮ ಹೀಗೆಯೇ ಇತ್ತು. ನಾವು ಮಾಡುವುದೇನು? ಕೂಗುವ ಹೊತ್ತಾಯಿತು ಅಂತ ಓಡಿಬಂದು ಮೊದಲೇ ತಿಂಡಿ ಕೊಡುತ್ತೇವೆ. ನಾಲ್ಕು ಸಲ ಹೀಗಾದರೆ ತಿಂಡಿ ಕಂಡರೇ ನಡುಗುತ್ತಾಳೆ, 'ಓ, ಈಗ ಕೂಗುತ್ತೆ' ಅಂತ. ಇನ್ನೊಂದು ಗಮನಿಸಿ, ಅವಳು ಹೆದರಲು ಶುರು ಮಾಡುವುದು ವಿಷಲ್‌ಗಲ್ಲ, ಅದಕ್ಕೂ ಮುಂಚೆ ಬರುವ ಸುಸ್ ಅನ್ನುವ ಆವಿಯ ಸದ್ದಿಗೆ, ಕೆಲವು ನಾಯಿ ಕುಕ್ಕರ್ ಮುಚ್ಚಳದ ಸದ್ದಿಗೇ ಎದ್ದು ಹೋಗುತ್ತವೆ. ಹಾಗಾಗಿ ಫೋನಿನಲ್ಲಿ ಇಡೀ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಬೇರೆ ಕೋಣೆಯಲ್ಲಿ, ಅವಳ ಕಿವಿ ಒಂದಿಷ್ಟೇ ತಿರುಗುವಷ್ಟು ಸಣ್ಣಗೆ ಹಾಕಿ, ಸದ್ದು ಕೇಳಿದ ಮೇಲೆ ಚೂರು ಎಸೆಯಿರಿ. ತಿನ್ನಲಿಲ್ಲ ಅಂದರೆ ಸದ್ದು ಜಾಸ್ತಿಯಾಗಿದೆ ಅಂತ ಅರ್ಥ, ಇನ್ನೂ ಇಳಿಸಿ. ಸದ್ದು ಕೇಳಿ ಚೂರಿಗಾಗಿ ನಿಮ್ಮ ಕಡೆ ನೋಡಲು ಶುರು ಮಾಡಿದ ಮೇಲಷ್ಟೇ ಒಂದು ಗೆರೆ ಏರಿಸಿ. ಅಲ್ಲಿಯ ತನಕ ನಿಜವಾದ ಕುಕ್ಕರ್ ಕಡಿಮೆ ಬಳಸಿ. ಅನ್ನ ಬಸಿದು ಮಾಡಿ, ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿ, ಬೇಕೇ ಬೇಕು ಅಂದರೆ ಅಡುಗೆಮನೆಯ ಬಾಗಿಲು ಹಾಕಿ ಇಡಿ.

ಅತ್ತೆಯವರ ಮಾತಿಗೆ ಬರೋಣ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಳೆದು ತಂದರೆ ನಾಯಿ ಸುಮ್ಮನಾಗುವುದೂ ನಿಜ. ಆದರೆ ಆ ಸುಮ್ಮನಿರುವಿಕೆ ಎಂಥದ್ದು ಅನ್ನುವುದೇ ಪ್ರಶ್ನೆ. 1967ರಲ್ಲಿ ಅಮೆರಿಕದಲ್ಲಿ ಸೆಲಿಗ್‌ಮನ್ ಮತ್ತು ಮೈಯರ್ ಅನ್ನುವ ಮನಃಶಾಸ್ತ್ರಜ್ಞರು ನಾಯಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು, ಇವತ್ತು ಓದಿದರೆ ಹೊಟ್ಟೆ ತೊಳೆಸುತ್ತದೆ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಹಾಗೆ ಕೆಲವು ನಾಯಿಗಳಿಗೆ ಶಾಕ್ ಕೊಟ್ಟರು. ಆಮೇಲೆ, ಒಂದು ಸಣ್ಣ ತಡೆ ಹಾರಿದರೆ ಸಾಕು ತಪ್ಪಿಸಿಕೊಳ್ಳಬಹುದು ಅನ್ನುವಂಥ ಜಾಗದಲ್ಲಿ ಬಿಟ್ಟರೂ, ಅವುಗಳಲ್ಲಿ ಬಹಳಷ್ಟು ನಾಯಿಗಳು ಹಾರಲಿಲ್ಲ, ಅಲ್ಲೇ ಮಲಗಿ ಸಹಿಸಿಕೊಂಡವು. ಏನು ಮಾಡಿದರೂ ಪ್ರಯೋಜನ ಇಲ್ಲ ಅಂತ ಅವು ಕಲಿತುಬಿಟ್ಟಿದ್ದವು. ಬೆಳ್ಳಿ ಸರಪಳಿಯಲ್ಲಿ ಅರ್ಧ ಕಲಿತು ಬಂದಿರುವುದು ಇದನ್ನೇ. ನೀವು ಎಳೆದರೆ ಉಳಿದರ್ಧವೂ ಕಲಿಯುತ್ತಾಳೆ.

ಮೈಸೂರಿನವರಲ್ವಾ, ಅತ್ತೆಯವರಿಗೆ ಇನ್ನೊಂದು ಉದಾಹರಣೆ ಕೊಡಿ. ದಸರಾ ಆನೆಗಳಿಗೂ ಕುದುರೆಗಳಿಗೂ ಕುಶಾಲತೋಪಿನ ಸದ್ದು ಅಭ್ಯಾಸ ಆಗಲಿ ಅಂತ ಮೊದಲೇ ತಾಲೀಮು ಮಾಡಿಸುತ್ತಾರೆ, ಪೇಪರಿನಲ್ಲಿ ಪ್ರತಿ ವರ್ಷ ಬರುತ್ತದೆ. ವಿಜಯದಶಮಿಯ ದಿನ 21 ತೋಪು ಹಾರುವಾಗ ಮೊದಲ ಸಲ ಕೇಳಿಸಿ ನೋಡೋಣ ಅಂತ ಯಾರೂ ಬಿಡುವುದಿಲ್ಲ. ಆನೆಯ ಪಕ್ಕದಲ್ಲಿ ಅದಕ್ಕೆ ಪೂರ್ತಿ ನಂಬಿಕೆ ಇರುವ ಮಾವುತ ಇರುತ್ತಾನೆ. ಬೆಳ್ಳಿಗೆ ಆ ಮನೆಯಲ್ಲಿ ಇನ್ನೂ ಮಾವುತರೇ ಇಲ್ಲ. ಮೊದಲು ಆ ಜಾಗಕ್ಕೆ ನೀವು ಬರಬೇಕು, ಸದ್ದಿನ ತಾಲೀಮು ಆಮೇಲೆ.

'ನಾನು ಯಜಮಾನ ಅಂತ ನಾಯಿಗೆ ತೋರಿಸಬೇಕು, ಆಲ್ಫಾ, ಅಂದರೆ ಗುಂಪಿನ ನಾಯಕ, ಆಗಬೇಕು' ಅನ್ನುವ ಟ್ರೈನರ್ ಯಾರಾದರೂ ಸಿಕ್ಕರೆ ಕಾಫಿ ಕೊಟ್ಟು ಕಳಿಸಿಬಿಡಿ. ತೋಳಗಳ ಆಲ್ಫಾ ಕಥೆಯನ್ನು 1970ರಲ್ಲಿ ಜನಪ್ರಿಯ ಮಾಡಿದ ವಿಜ್ಞಾನಿ ಡೇವಿಡ್ ಮೆಕ್ ಅವರೇ ಮುಂದೆ, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಅದಕ್ಕೆ ಆಲ್ಫಾ ಅನ್ನುವುದು ಸರಿಯಲ್ಲ ಅಂತ ಬರೆದರು. ಇನ್ನೊಂದು ಮಾತು ಕೇಳಿಸಿಕೊಂಡಿರುತ್ತೀರಿ, 'ಹೆದರಿದಾಗ ಸಮಾಧಾನ ಮಾಡಬೇಡಿ, ಭಯ ಜಾಸ್ತಿ ಆಗುತ್ತೆ' ಅಂತ. ಸುಳ್ಳು. ಭಯ ಅನ್ನುವುದು ಬಹುಮಾನಕ್ಕೆ ಆಡುವ ನಾಟಕ ಅಲ್ಲ. ಅವಳಾಗಿ ನಿಮ್ಮ ಹತ್ತಿರ ಬಂದು ಕೂತರೆ ಕೂರಿಸಿಕೊಳ್ಳಿ, ಮೆಲ್ಲಗೆ ಮಾತಾಡಿ. ನೀವಾಗಿ ಹೋಗಿ ತಬ್ಬಿಕೊಳ್ಳುವುದು ಬೇಡ, ಅಷ್ಟೇ ವ್ಯತ್ಯಾಸ.

ಈಗ ಹೇಳುವುದನ್ನು ಮಾತ್ರ ದಯವಿಟ್ಟು ಹಗುರಾಗಿ ತಗೋಬೇಡಿ. ಫಾಸ್ಟರ್ ನಾಯಿಗಳ ದೊಡ್ಡ ಅನಾಹುತ ಅಂದರೆ ತಪ್ಪಿಸಿಕೊಂಡು ಹೋಗುವುದು. ಗ್ಯಾಸ್ ಸಿಲಿಂಡರ್‌ನವನು ಬಂದ, ಬಾಗಿಲು ತೆರೆಯಿತು, ನಾಯಿ ಹೋಯಿತು. ಮುಧೋಳ ಓಡಲಿಕ್ಕೇ ಹುಟ್ಟಿದ ನಾಯಿ, ಕೈ ತಪ್ಪಿದರೆ ನೀವು ಸ್ಕೂಟರ್ ತೆಗೆಯುವ ಹೊತ್ತಿಗೆ ಎರಡು ರಸ್ತೆ ದಾಟಿರುತ್ತಾಳೆ. ಅವುಗಳ ತಲೆ ಕುತ್ತಿಗೆಗಿಂತ ಹೆಚ್ಚು ಅಗಲ ಇರುವುದಿಲ್ಲ, ಹಾಗಾಗಿ ಮಾಮೂಲಿ ಬೆಲ್ಟು ಹಿಂದಕ್ಕೆ ಎಳೆದರೆ ಸರಕ್ಕನೆ ಕಳಚಿ ಬರುತ್ತದೆ. ಬೇಟೆನಾಯಿಗಳಿಗೆ ಅಂತ ಮಾರ್ಟಿಂಗೇಲ್ ಕಾಲರ್ ಸಿಗುತ್ತದೆ, ಎಳೆದಾಗ ಒಂದು ಮಟ್ಟದ ತನಕ ಬಿಗಿಯಾಗಿ ಅಲ್ಲಿಗೆ ನಿಲ್ಲುತ್ತದೆ. ಅದರ ಜೊತೆ ಸೊಂಟದ ಹತ್ತಿರವೂ ಪಟ್ಟಿ ಇರುವ ಹಾರ್ನೆಸ್. ಎರಡಕ್ಕೂ ಬೇರೆ ಬೇರೆ ಲೀಶ್, ಒಂದು ನಿಮ್ಮ ಕೈಯಲ್ಲಿ, ಒಂದು ಸೊಂಟಕ್ಕೆ. ಇವನ್ನು ಹಾಕಿಸಿಕೊಳ್ಳುವುದನ್ನೂ ಮೇಲಿನ ಕ್ರಮದಲ್ಲೇ, ಚೂರು ಚೂರಾಗಿ ಮನೆಯೊಳಗೇ ಕಲಿಸಿ, ಆಮೇಲಷ್ಟೇ ಹೊರಗೆ. ಕಾಲರ್‌ನಲ್ಲಿ ನಿಮ್ಮ ಫೋನ್ ನಂಬರ್ ಇವತ್ತೇ ಹಾಕಿ. ಗುರುತಿಗೆ ಅಂತ ಚರ್ಮದ ಕೆಳಗೆ ಹಾಕುವ ಮೈಕ್ರೋಚಿಪ್ ಹಾಕಿಸಿದ್ದಾರಾ ಕೇಳಿ. ಮುಂಬಾಗಿಲ ಒಳಗೆ ಮಕ್ಕಳ ಗೇಟಿನಂಥದ್ದು ಒಂದು ಅಡ್ಡ ಇರಲಿ, ಅವಳು ಹಾರಲಾಗದಷ್ಟು ಎತ್ತರ.

ಹಾಗೂ ತಪ್ಪಿಸಿಕೊಂಡರೆ ಹಿಂದೆ ಓಡಬೇಡಿ, ಹೆಸರು ಹಿಡಿದು ಕೂಗಬೇಡಿ, ಗುಂಪು ಕಟ್ಟಬೇಡಿ. ಕೊನೆಗೆ ಕಂಡ ಜಾಗದಲ್ಲಿ ಅವಳ ಕೌದಿ, ವಾಸನೆಯ ಊಟ ಇಟ್ಟು ದೂರ ಕೂರಿ. ಇಂಥ ನಾಯಿಗಳು ಸಾಮಾನ್ಯವಾಗಿ ಜನ ಓಡಾಟ ನಿಂತ ಮೇಲೆ, ನಡುರಾತ್ರಿ ಅಥವಾ ನಸುಕಿಗೆ ಹೊರಬರುತ್ತವೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಚೆನ್ನಾಗಿದ್ದವಳು ಮರುದಿನ ಮತ್ತೆ ಮೆಷಿನ್ ಹಿಂದೆ ಹೋಗಿ ಕೂರುತ್ತಾಳೆ. ಆಗ 'ಇವತ್ತು ಏನೂ ಆಗಿಲ್ಲವಲ್ಲ' ಅನಿಸುತ್ತದೆ. ಹಾಲು ಉಕ್ಕುವುದು ಕಣ್ಣಿಗೆ ಕಾಣುತ್ತದೆ, ಒಳಗೊಳಗೇ ಕಾದಿದ್ದು ಕಾಣುವುದಿಲ್ಲ, ಇದೂ ಹಾಗೆಯೇ. ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗಿದ್ದು, ಮಧ್ಯಾಹ್ನ ಕಾಲಿಂಗ್ ಬೆಲ್, ಸಂಜೆ ಪಕ್ಕದ ಮನೆಯ ಡ್ರಿಲ್ಲು, ರಾತ್ರಿ ಚಮಚ ಕೆಳಗೆ ಬಿದ್ದರೆ ಸಾಕು. ಮೈಯಲ್ಲಿ ಏರಿದ ಒತ್ತಡದ ಹಾರ್ಮೋನು ಇಳಿದು ನಾಯಿ ಪೂರ್ತಿ ತಿಳಿಯಾಗಲು ಒಂದೆರಡು ದಿನವೂ ಬೇಕಾಗಬಹುದು. ಡಾಕ್ಟರ್ ಹತ್ತಿರ ಹೋಗಿ ಬಂದ ಮರುದಿನ ಯಾವ ತರಬೇತಿಯೂ ಬೇಡ, ನೆಂಟರೂ ಬೇಡ. ಹೊಸ ಮನೆಗೆ ಹಂತ ಹಂತವಾಗಿ ಹೊಂದಿಕೊಳ್ಳಲು ರೆಸ್ಕ್ಯೂ ಮಾಡುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಅದು ಸಾಧಾರಣ ನಾಯಿಯ ಲೆಕ್ಕ. ಬೆಳ್ಳಿಯಂಥವರಿಗೆ ಅದಕ್ಕಿಂತ ಜಾಸ್ತಿ ಅಂತಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಸ್ವಲ್ಪ ಹಗುರಾದ ಮೇಲೆ ಅವಳಿಗೆ ಗೆಲ್ಲುವಂಥ ಸಣ್ಣ ಕೆಲಸ ಕೊಡಿ. ಹಳೇ ಪೇಪರ್ ಮುದ್ದೆ ಮಾಡಿ ರಟ್ಟಿನ ಡಬ್ಬಿಯಲ್ಲಿ ತುಂಬಿ ಅದರೊಳಗೆ ತಿಂಡಿ ಹುದುಗಿಸಿಡಿ, ಮೂಸಿ ಹುಡುಕಲಿ. ಮೂಸುವುದರಲ್ಲಿ ತೊಡಗಿದ ನಾಯಿ ತಾನಾಗೇ ತಿಳಿಯಾಗುತ್ತದೆ. ಇನ್ನೊಂದು, 'ಒಂದು, ಎರಡು, ಮೂರು' ಅಂತ ಮೆಲ್ಲಗೆ ಎಣಿಸಿ ಮೂರಕ್ಕೆ ಚೂರು ಹಾಕುವ ಆಟ. ಕೇಳೋಕೆ ಏನೂ ಇಲ್ಲ ಅನಿಸುತ್ತದೆ. ಆದರೆ ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರುವುದು ಇಂಥ ನಾಯಿಗೆ ದೊಡ್ಡ ಸಮಾಧಾನ, ಮುಂದೆ ಬೀದಿಯಲ್ಲಿ ಬೈಕ್ ಬಂದಾಗ ಇದೇ ಎಣಿಕೆ ಕೈ ಹಿಡಿಯುತ್ತದೆ. ಸ್ನೇಹಿತರ ಮನೆಯಲ್ಲಿ ವಯಸ್ಸಾದ, ಸಮಾಧಾನದ ನಾಯಿ ಇದ್ದರೆ ಆಗಾಗ ಕರೆಸಿ. ಅದು ನಿಮ್ಮ ಪಕ್ಕ ಆರಾಮಾಗಿ ಮಲಗುವುದನ್ನು ನೋಡಿಯೇ ಬೆಳ್ಳಿ ಬಹಳ ಕಲಿಯುತ್ತಾಳೆ.

ದಸರಾ, ದೀಪಾವಳಿಗೆ ಈಗಲೇ ಡಾಕ್ಟರ್ ಜೊತೆ ಮಾತಾಡಿ. ಔಷಧಿ ಅಂದರೆ ಸೋಲು ಅಂದುಕೊಳ್ಳಬೇಡಿ. ಟ್ರಾಜೋಡೋನ್, ಗ್ಯಾಬಪೆಂಟಿನ್ ಇಂಥವನ್ನು ಪಟಾಕಿಯ ದಿನಗಳಿಗೆ ಅಂತ ಕೊಡುತ್ತಾರೆ, ಎಷ್ಟು ಒಗ್ಗುತ್ತದೆ ಅಂತ ಹಬ್ಬಕ್ಕೆ ಮೊದಲೇ ಒಂದು ಶಾಂತ ದಿನ ಕೊಟ್ಟು ನೋಡಬೇಕಾಗುತ್ತದೆ. ದಿನವೂ ಇದೇ ಮಟ್ಟದ ಭಯ ಇದ್ದು, ತಿಂಗಳು ಕಳೆದರೂ ಹಗಲು ತಿನ್ನದಿದ್ದರೆ ಫ್ಲೂಕ್ಸೆಟೀನ್‌ನಂಥ ಮಾತ್ರೆಯ ಬಗ್ಗೆ ಕೇಳಿ, ಅದರ ಗುಣ ಪೂರ್ತಿ ಕಾಣಲು 4ರಿಂದ 6 ವಾರ, ಕೆಲವು ಸಲ ಇನ್ನೂ ಜಾಸ್ತಿ ಬೇಕು. ಹಳೇ ಕಾಲದ ಏಸ್‌ಪ್ರೊಮಜಿನ್ ಒಂದನ್ನೇ ಕೊಟ್ಟು ಮಲಗಿಸುವುದು ಮಾತ್ರ ಬೇಡ. ಮೈ ಸೋಲುತ್ತದೆ, ಭಯ ಒಳಗೆ ಹಾಗೇ ಇರುತ್ತದೆ. ಮನೆಯಲ್ಲಿರುವ ಮನುಷ್ಯರ ನಿದ್ದೆಮಾತ್ರೆಯನ್ನು ಅರ್ಧ ಮುರಿದು ಕೊಡುವ ಪ್ರಯೋಗ ಬೇಡವೇ ಬೇಡ.

ಪಟಾಕಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಗಳಿಗೆ ಆ ಆದೇಶ ಇನ್ನೂ ತಲುಪಿಲ್ಲ. ಆ ದಿನಗಳಲ್ಲಿ ಮಧ್ಯಾಹ್ನ ನಾಲ್ಕರೊಳಗೆ ಹೊರಗಿನ ಕೆಲಸ ಮುಗಿಸಿ ಬಾಲ್ಕನಿ ಬಾಗಿಲು ಹಾಕಿಬಿಡಿ. ಊಟ ಬೇಗ ಹಾಕಿ. ಗುಹೆಯನ್ನು ಮನೆಯ ಒಳಕೋಣೆಗೆ ಹಬ್ಬಕ್ಕೆ ಒಂದೆರಡು ವಾರ ಮೊದಲೇ ನಿಧಾನಕ್ಕೆ ಸರಿಸಿಕೊಳ್ಳಿ. ಕಿಟಕಿಗೆ ದಪ್ಪ ಕಂಬಳಿ, ಫ್ಯಾನ್ ಜೋರಾಗಿ, ಟಿವಿ ಮಾಮೂಲಿಗಿಂತ ಒಂಚೂರು ಜಾಸ್ತಿ. ಆ ಕೋಣೆಯಲ್ಲಿ ನೀವೂ ಕೂರಿ.

ಶೆಲ್ಟರ್‌ಗೆ ವಾಪಸ್ ಕೊಡುವುದರ ಬಗ್ಗೆ. ಕೆನ್ನೆಲ್ ಸಾಲಿನಲ್ಲಿ ಹಗಲಿರುಳು ಬೊಗಳುವ ಸದ್ದಿನ ಮಧ್ಯೆ ಅವಳು ಕಲಿಯುವುದು ಕಷ್ಟ, ಹಾಗಾಗಿ ಅದು ಕೊನೆಯ ದಾರಿ. ಆದರೆ ಮನೆಯಲ್ಲಿ ಇದೇ ಜಗಳವಾಗಿ, ಅತ್ತೆಯವರು ಎಳೆದೇ ಎಳೆಯುತ್ತೇನೆ ಅಂತ ಹಟ ಹಿಡಿದರೆ, ಈಗಲೇ ರೆಸ್ಕ್ಯೂ ಗುಂಪಿಗೆ ಹೇಳಿ ಬೇರೆ ಫಾಸ್ಟರ್ ಮನೆ ಹುಡುಕಿಸಿ. ಅದರಲ್ಲಿ ನಾಚಿಕೆ ಏನಿಲ್ಲ. ನಿಮ್ಮ ಜವಾಬ್ದಾರಿ ಅವಳನ್ನು ಬಾಲ ಅಲ್ಲಾಡಿಸುವ ನಾಯಿ ಮಾಡುವುದಲ್ಲ. ಹಗಲು ಹೊತ್ತು ತಿನ್ನಬೇಕು, ಮನುಷ್ಯರಿರುವ ಕೋಣೆಯಲ್ಲಿ ಮಲಗಬೇಕು, ಹಾರ್ನೆಸ್ ಹಾಕಿಸಿಕೊಳ್ಳಬೇಕು, ಒಬ್ಬ ಮನುಷ್ಯರನ್ನಾದರೂ ನಂಬಬೇಕು. ಇಷ್ಟಾದರೆ ದತ್ತು ಕೊಡಬಹುದು.

ದತ್ತು ಕೇಳಿಕೊಂಡು ಬಂದವರನ್ನು ನಿಮ್ಮ ಮನೆಗೇ ಬರಲು ಹೇಳಿ, ಒಂದು ಸಲ ಅಲ್ಲ, ನಾಲ್ಕೈದು ಸಲ. ಮೊದಲ ದಿನವೇ 'ಬಾ ಬಾ' ಅಂತ ಮೇಲೆ ಬೀಳುವವರು ಬೇಡ. ಮಗ್ಗುಲಾಗಿ ಕೂತು ಚೂರು ಹಿಂದಕ್ಕೆ ಎಸೆಯಿರಿ ಅಂದಾಗ ಬೇಜಾರಿಲ್ಲದೆ ಹಾಗೇ ಮಾಡುವವರು ಸಿಕ್ಕರೆ ಅವರ ಫೋನ್ ನಂಬರ್ ತಗೊಳ್ಳಿ. ಪುಟ್ಟ ಮಕ್ಕಳ ಮನೆ, ದಿನವೂ ನೆಂಟರು ಬಂದುಹೋಗುವ ಮನೆ ಇವಳಿಗೆ ಆಗುವುದಿಲ್ಲ, ಮುಲಾಜಿಲ್ಲದೆ ಹೇಳಿಬಿಡಿ. ಕುಕ್ಕರ್ ಎಷ್ಟು ದೂರ ಇದ್ದರೆ ಪರವಾಗಿಲ್ಲ, ಯಾವ ತಿಂಡಿಗೆ ಬರುತ್ತಾಳೆ, ಎಲ್ಲಿ ಮುಟ್ಟಿದರೆ ಇಷ್ಟ, ಯಾವುದಕ್ಕೆ ಹೆದರುತ್ತಾಳೆ, ಇದನ್ನೆಲ್ಲ ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಅವಳು ಹೊಸ ಮನೆಗೆ ಹೋಗುವ ದಿನ ಆ ನೋಟ್‌ಬುಕ್ಕು, ತೊಳೆಯದ ಕೌದಿ, ಎರಡೂ ಜೊತೆಗೆ ಹೋಗಬೇಕು. ಕಾರಿನ ಬಾಗಿಲು ತೆರೆಯುವ ಮೊದಲು ಎರಡೂ ಲೀಶ್ ಹಾಕಿದೆಯಾ ಅಂತ ನೀವೇ ನೋಡಿ.